ಯೆಮನ್‌ನಲ್ಲಿ ಯಾರು ಯಾರ ಕೈಗೊಂಬೆ?

ಯೆಮನ್ ಸುದ್ದಿ ಬಂದಾಗಲೆಲ್ಲ ಟಿವಿಯಲ್ಲಿ ಒಂದೇ ವಿವರಣೆ ಕೇಳಿಸುತ್ತದೆ. ಸುನ್ನಿ ಸೌದಿ ಅರೇಬಿಯಾ ಒಂದು ಕಡೆ, ಶಿಯಾ ಇರಾನ್ ಇನ್ನೊಂದು ಕಡೆ, ನಡುವೆ ಸಿಕ್ಕಿಕೊಂಡ ಬಡ ಯೆಮನ್. ಸಾವಿರದ ನಾನೂರು ವರ್ಷಗಳ ಹಳೇ ಜಗಳ, ಅದು ಮುಗಿಯುವುದಲ್ಲ ಬಿಡಿ ಅಂತ ಆ್ಯಂಕರ್ ಮುಂದಿನ ಸುದ್ದಿಗೆ ಹೋಗುತ್ತಾರೆ. ಕೇಳೋಕೆ ಸುಲಭವಾಗಿದೆ. ಆದರೆ 1962ಕ್ಕೆ ಹೋಗಿ ನೋಡಿದರೆ ಈ ವಿವರಣೆ ಅಲ್ಲೇ ಮುಗ್ಗರಿಸುತ್ತದೆ.

ಆ ವರ್ಷ ಸೆಪ್ಟೆಂಬರ್ 26ರಂದು ಉತ್ತರ ಯೆಮನ್‌ನ ಸೇನಾಧಿಕಾರಿಗಳು ಇಮಾಮ್ ಮೊಹಮ್ಮದ್ ಅಲ್ ಬದ್ರ್ ಅವರನ್ನು ಪಟ್ಟದಿಂದ ಇಳಿಸಿ ಗಣರಾಜ್ಯ ಘೋಷಿಸಿದರು. ಇಮಾಮ್ ಪಟ್ಟಕ್ಕೆ ಬಂದು ಒಂದು ವಾರವಾಗಿತ್ತಷ್ಟೇ. ಅವರು ಜೈದಿ ಪಂಥದವರು, ಅಂದರೆ ಶಿಯಾ. ಜೀವ ಉಳಿಸಿಕೊಂಡು ಉತ್ತರದ ಬೆಟ್ಟಗಳಿಗೆ ಓಡಿಹೋದರು. ಅಲ್ಲಿ ಅವರ ಬೆನ್ನಿಗೆ ನಿಂತವರು ಯಾರು ಗೊತ್ತಾ? ಸೌದಿ ಅರೇಬಿಯಾ. ಹಣ, ಬಂದೂಕು, ಮದ್ದುಗುಂಡು ಎಲ್ಲವೂ ಸೌದಿ ಗಡಿ ದಾಟಿ ಇಮಾಮ್ ಕಡೆಗೆ ಹೋದವು. ಆಗ ಷಾ ಆಳುತ್ತಿದ್ದ ಇರಾನ್ ಕೂಡ ಅದೇ ಪಕ್ಷದಲ್ಲಿತ್ತು. ಎದುರು ಪಕ್ಷದಲ್ಲಿದ್ದದ್ದು ಈಜಿಪ್ಟ್. ಅದೂ ಸುನ್ನಿ ದೇಶವೇ. ಹೊಸ ಗಣರಾಜ್ಯವನ್ನು ಉಳಿಸಲು ಈಜಿಪ್ಟ್ ಅಧ್ಯಕ್ಷ ನಾಸೆರ್ ಸೇನೆ ಕಳಿಸಿದರು. ಒಂದು ಹಂತದಲ್ಲಿ ಅಲ್ಲಿ ಸುಮಾರು 70 ಸಾವಿರ ಈಜಿಪ್ಟ್ ಸೈನಿಕರಿದ್ದರು.

ಸೌದಿ ದೊರೆಗಳಿಗೆ ಆಗ ಶಿಯಾ ಭಯ ಇರಲಿಲ್ಲ. ಗಣರಾಜ್ಯದ ಭಯ ಇತ್ತು. ಪಕ್ಕದ ಮನೆಯ ರಾಜನನ್ನು ಇಳಿಸಿದವರು ನಾಳೆ ನಮ್ಮನ್ನೂ ಇಳಿಸಬಹುದಲ್ವಾ ಎಂಬ ಭಯ. ನಾಸೆರ್ ರೇಡಿಯೋದಲ್ಲಿ ಅರಬ್ ರಾಜಮನೆತನಗಳನ್ನು ದಿನಾ ಬೈಯುತ್ತಿದ್ದ ಕಾಲ ಅದು. 1967ರ ಜೂನ್‌ನಲ್ಲಿ ಇಸ್ರೇಲ್ ಎದುರು ಸೋತ ಮೇಲೆ ಈಜಿಪ್ಟ್‌ಗೆ ಯೆಮನ್ ಭಾರ ಹೊರುವ ಶಕ್ತಿ ಉಳಿಯಲಿಲ್ಲ. ಆಗಸ್ಟ್‌ನಲ್ಲಿ ಖಾರ್ಟೂಮ್‌ನಲ್ಲಿ ನಡೆದ ಅರಬ್ ಶೃಂಗಸಭೆಯಲ್ಲಿ ಸೇನೆ ವಾಪಸ್ ಕರೆಸಲು ಒಪ್ಪಿತು. 1970ರಲ್ಲಿ ಸೌದಿ ಕೂಡ ಗಣರಾಜ್ಯವನ್ನು ಒಪ್ಪಿಕೊಂಡಿತು. ಇಮಾಮ್ ಅವರನ್ನು ಕೈಬಿಟ್ಟಿತು. ಮುಂದೆ ಸೌದಿ ಯಾರ ಮೇಲೆ ವರ್ಷಗಟ್ಟಲೆ ಬಾಂಬ್ ಹಾಕಿತೋ ಆ ಹೌತಿ ಬಂಡುಕೋರರು ಅದೇ ಬೆಟ್ಟಗಳವರು, ಅದೇ ಜೈದಿಗಳು. ಪಂಥ ಬದಲಾಗಿಲ್ಲ. ಲೆಕ್ಕಾಚಾರ ಬದಲಾಗಿದೆ.

ಬೆಟ್ಟದ ಮೇಲಿನ ಸಿಟ್ಟು

ಜೈದಿಗಳು ಶಿಯಾಗಳೇ ಆದರೂ ಇರಾನಿನ ಶಿಯಾಗಳಂತಲ್ಲ. ಇರಾನಿನವರು ಹನ್ನೆರಡು ಇಮಾಮರನ್ನು ನಂಬುತ್ತಾರೆ, ಹನ್ನೆರಡನೆಯವರು ಮರೆಯಾಗಿದ್ದಾರೆ, ಮರಳಿ ಬರುತ್ತಾರೆ ಎನ್ನುತ್ತಾರೆ. ಜೈದಿಗಳಲ್ಲಿ ಆ ನಂಬಿಕೆ ಇಲ್ಲ. ಅವರ ಆಚರಣೆಗಳು ಯೆಮನ್‌ನ ಶಾಫಿ ಸುನ್ನಿಗಳಿಗೆ ಎಷ್ಟು ಹತ್ತಿರವೆಂದರೆ ಎರಡೂ ಕಡೆಯವರು ಒಬ್ಬರ ಮಸೀದಿಯಲ್ಲಿ ಇನ್ನೊಬ್ಬರು ನಮಾಜು ಮಾಡುವುದು ಮಾಮೂಲಾಗಿತ್ತು. ಯೆಮನ್‌ನ ಜನರಲ್ಲಿ ಸುಮಾರು ಮೂರನೇ ಒಂದು ಭಾಗ ಜೈದಿಗಳು. 897ರಿಂದ 1962ರವರೆಗೆ, ನಡುನಡುವೆ ಬಿಡುವು ಕೊಟ್ಟು, ಉತ್ತರದ ಬೆಟ್ಟನಾಡನ್ನು ಆಳಿದ್ದು ಅವರ ಇಮಾಮರೇ.

ಗಣರಾಜ್ಯ ಬಂದ ಮೇಲೆ ಅವರ ಹಳೇ ಕೋಟೆಯಾದ ಸಾದಾ ಪ್ರಾಂತ್ಯ ಮೂಲೆಗೆ ಬಿತ್ತು. ರಸ್ತೆ ಇಲ್ಲ, ಆಸ್ಪತ್ರೆ ಇಲ್ಲ, ಸರ್ಕಾರದಲ್ಲಿ ಕೇಳುವವರಿಲ್ಲ. ಅದರ ಜೊತೆಗೆ ಸಾದಾದ ಒಳಗೇ, ದಮ್ಮಾಜ್ ಎಂಬ ಊರಿನಲ್ಲಿ, ಸೌದಿಯಲ್ಲಿ ಓದಿ ಬಂದ ಮುಕ್ಬಿಲ್ ಅಲ್ ವಾದಿ ಒಂದು ಸಲಫಿ, ಅಂದರೆ ಕಟ್ಟಾ ಸುನ್ನಿ, ವಿದ್ಯಾಕೇಂದ್ರ ಕಟ್ಟಿದರು. ಜೈದಿಗಳ ಊರಿನಲ್ಲೇ ಜೈದಿ ಪಂಥ ದಾರಿತಪ್ಪಿದ್ದು ಎಂಬ ಪಾಠ. ಸಿಟ್ಟು ಬರದೆ ಇರುತ್ತದಾ? 1990ರ ದಶಕದಲ್ಲಿ ಜೈದಿ ಹುಡುಗರಿಗಾಗಿ ಬೇಸಿಗೆ ಶಿಬಿರ, ಓದುವ ಕೂಟಗಳು ಶುರುವಾದವು. ಅದರಲ್ಲಿ ಮುಂದೆ ಬಂದ ಹುಸೇನ್ ಅಲ್ ಹೌತಿ ಅದೇ ದಶಕದಲ್ಲಿ ಸಂಸದರೂ ಆಗಿದ್ದವರು. 2003ರಲ್ಲಿ ಅಮೆರಿಕ ಇರಾಕ್ ಮೇಲೆ ನುಗ್ಗಿದ ಹೊತ್ತಿಗೆ ಈ ಕೂಟ ಅಮೆರಿಕ ಮತ್ತು ಇಸ್ರೇಲ್ ವಿರುದ್ಧ ಘೋಷಣೆ ಕೂಗುವ ಚಳವಳಿಯಾಗಿತ್ತು. ಅಮೆರಿಕದ ಜೊತೆ ಕೈಜೋಡಿಸಿದ್ದ ಅಧ್ಯಕ್ಷ ಅಲಿ ಅಬ್ದುಲ್ಲಾ ಸಾಲೆಹ್‌ಗೆ ಅದು ಹಿಡಿಸಲಿಲ್ಲ. 2004ರಲ್ಲಿ ಸೇನೆ ಕಳಿಸಿದರು. ಹುಸೇನ್ ಹತರಾದರು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 2010ರವರೆಗೆ ಆರು ಯುದ್ಧಗಳಾದವು. ಪ್ರತಿ ಸಲವೂ ಸೇನೆ ಊರುಗಳನ್ನು ಹಾಳುಮಾಡಿತು, ಪ್ರತಿ ಸಲವೂ ಹೌತಿಗಳ ಸಂಖ್ಯೆ ಜಾಸ್ತಿಯಾಯಿತು. ನಾಯಕತ್ವ ಹುಸೇನ್ ಅವರ ತಮ್ಮ ಅಬ್ದುಲ್ ಮಲಿಕ್ ಕೈಗೆ ಬಂತು. 2009ರಲ್ಲಿ ಸೌದಿ ಸೇನೆಯೂ ಗಡಿಯಲ್ಲಿ ಇಳಿಯಿತು. ಸಾಲೆಹ್ ಅಂತೂ ಇದು ಇರಾನ್ ಕೈವಾಡ ಎಂದು ಸಾರುತ್ತಲೇ ಇದ್ದರು. ಹಾಗೆ ಹೇಳಿದರೆ ರಿಯಾದ್‌ನಿಂದಲೂ ವಾಷಿಂಗ್ಟನ್‌ನಿಂದಲೂ ದುಡ್ಡು ಬರುತ್ತಿತ್ತಲ್ಲ! ಆಗ ಹೌತಿಗಳಿಗೆ ಇರಾನ್‌ನಿಂದ ದೊಡ್ಡ ನೆರವೇನೂ ಸಿಗುತ್ತಿರಲಿಲ್ಲ. ಬಂದೂಕು ಯೆಮನ್‌ನ ಸಂತೆಯಲ್ಲೇ ಸಿಗುತ್ತಿತ್ತು. ಎಷ್ಟೋ ಸಲ ಸರ್ಕಾರಿ ಸೇನೆಯಿಂದಲೇ ಕಸಿದುಕೊಂಡದ್ದು.

2015ರ ಆ ಮಾರ್ಚ್

2011ರ ಅರಬ್ ದಂಗೆಯಲ್ಲಿ ಸಾಲೆಹ್ ಕುರ್ಚಿ ಅಲ್ಲಾಡಿತು. ಸೌದಿ ಮುಂದೆ ನಿಂತು ಮಾಡಿಸಿದ ಒಪ್ಪಂದದಂತೆ 2012ರಲ್ಲಿ ಅವರು ಇಳಿದರು, ಉಪಾಧ್ಯಕ್ಷ ಹಾದಿ ಅಧ್ಯಕ್ಷರಾದರು. ದೇಶವನ್ನು ಆರು ಭಾಗ ಮಾಡುವ ಯೋಜನೆ ಬಂತು. ಸಾದಾ ಇರುವ ಭಾಗಕ್ಕೆ ಸಮುದ್ರವೂ ಇಲ್ಲ, ಎಣ್ಣೆಯೂ ಇಲ್ಲ. ಹೌತಿಗಳು ಒಪ್ಪಲಿಲ್ಲ. 2014ರ ಜುಲೈನಲ್ಲಿ ಸರ್ಕಾರ ಇಂಧನ ಸಬ್ಸಿಡಿ ಕಿತ್ತಿತು, ಜನ ಬೀದಿಗೆ ಬಂದರು. ಸೆಪ್ಟೆಂಬರ್ 21ರಂದು ಹೌತಿಗಳು ರಾಜಧಾನಿ ಸನಾಕ್ಕೆ ನುಗ್ಗಿದರು. ಅವರಿಗೆ ದಾರಿ ಬಿಟ್ಟುಕೊಟ್ಟವರು ಸಾಲೆಹ್‌ಗೆ ನಿಷ್ಠರಾಗಿದ್ದ ಸೇನಾ ತುಕಡಿಗಳು. ಆರು ಸಲ ಯಾರ ಮೇಲೆ ಯುದ್ಧ ಮಾಡಿದ್ದರೋ ಅವರ ಜೊತೆಗೇ ಸಾಲೆಹ್ ಸೇರಿಕೊಂಡಿದ್ದರು. ಮೂರು ವರ್ಷದ ನಂತರ ಮತ್ತೆ ಪಕ್ಷ ಬದಲಿಸಲು ಹೋದಾಗ, 2017ರ ಡಿಸೆಂಬರ್ 4ರಂದು, ಹೌತಿಗಳೇ ಅವರನ್ನು ಕೊಂದರು.

ಸನಾ ಹಿಡಿಯಬೇಡಿ ಎಂದು ಇರಾನ್ ಹೌತಿಗಳಿಗೆ ಹೇಳಿತ್ತು, ಅವರು ಕೇಳಲಿಲ್ಲ ಎಂದು 2015ರಲ್ಲಿ ಅಮೆರಿಕದ ಅಧಿಕಾರಿಗಳೇ ಪತ್ರಕರ್ತರಿಗೆ ಹೇಳಿದ್ದರು. ಕೈಗೊಂಬೆ ಎಂಬ ಮಾತಿಗೆ ಇದು ಸರಿಹೊಂದುವುದಿಲ್ಲ, ಅಲ್ವಾ?

ರಿಯಾದ್‌ನಲ್ಲಿ ಮಾತ್ರ ಬೇರೆಯೇ ಚಿತ್ರ ಕಾಣುತ್ತಿತ್ತು. ಯೆಮನ್ ಜೊತೆ ಸೌದಿಗೆ ಸುಮಾರು 1,300 ಕಿ.ಮೀ. ಗಡಿ ಇದೆ. ಇರಾಕ್‌ನಲ್ಲಿ ಇರಾನ್ ಪ್ರಭಾವ, ಸಿರಿಯಾದಲ್ಲಿ ಇರಾನ್, ಲೆಬನಾನ್‌ನಲ್ಲಿ ಇರಾನ್ ಬೆಂಬಲದ ಹಿಜ್ಬುಲ್ಲಾ. ಈಗ ಹಿತ್ತಲಲ್ಲೂ ಬಂದುಬಿಟ್ಟಿತಾ? 2015ರ ಜನವರಿಯಲ್ಲಿ ಹೊಸ ದೊರೆ ಸಲ್ಮಾನ್ ಪಟ್ಟಕ್ಕೆ ಬಂದಿದ್ದರು. ಅವರ ಮಗ ಮೊಹಮ್ಮದ್ ಬಿನ್ ಸಲ್ಮಾನ್ ರಕ್ಷಣಾ ಮಂತ್ರಿಯಾಗಿದ್ದರು. ಮಾರ್ಚ್ 26ರ ನಸುಕಿನಲ್ಲಿ ಸೌದಿ ನೇತೃತ್ವದ ಕೂಟ ಬಾಂಬ್ ದಾಳಿ ಶುರುಮಾಡಿತು. ಕೆಲವು ವಾರಗಳಲ್ಲಿ ಮುಗಿಯುತ್ತದೆ ಎಂಬ ಎಣಿಕೆ ಇತ್ತು. ಪಾಕಿಸ್ತಾನದ ಸೇನೆಯೂ ಬೇಕೆಂದು ಸೌದಿ ಕೇಳಿತು. ಏಪ್ರಿಲ್ 10ರಂದು ಪಾಕಿಸ್ತಾನದ ಸಂಸತ್ತು ತಟಸ್ಥವಾಗಿರಲು ನಿರ್ಣಯ ಮಾಡಿತು. ಸುನ್ನಿ ಒಗ್ಗಟ್ಟಿನ ಮಾತು ಇಲ್ಲೂ ಕೈಕೊಟ್ಟಿತು. ಇರಾನ್ ಕೂಡ ಪಾಕಿಸ್ತಾನದ ನೆರೆ ದೇಶ, ಅದರ ದೇಶದೊಳಗೂ ದೊಡ್ಡ ಶಿಯಾ ಸಮುದಾಯವಿದೆ. ಅದಕ್ಕೆ ಅದರದೇ ಲೆಕ್ಕ.

ಆ ವಾರಗಳಲ್ಲೇ ಭಾರತ ಏಡನ್, ಹೊದೈದಾ ಬಂದರುಗಳಿಗೆ ನೌಕಾಪಡೆಯ ಹಡಗು ಕಳಿಸಿ, ಸನಾದಿಂದ ವಿಮಾನ ಹಾರಿಸಿ 4,600ಕ್ಕೂ ಹೆಚ್ಚು ಭಾರತೀಯರನ್ನು ಹೊರತಂದಿತು. ಅದೇ ಆಪರೇಷನ್ ರಾಹತ್.

ಎರಡು ಬಗೆಯ ಆಟ

ಇರಾನ್ ಯಾಕೆ ಪರದೇಶದ ಹೋರಾಟಗಾರರನ್ನು ಸಾಕುತ್ತದೆ ಎಂಬುದಕ್ಕೆ ಉತ್ತರ 1980ರಲ್ಲಿದೆ. ಆ ವರ್ಷ ಸದ್ದಾಂ ಹುಸೇನ್ ಇರಾನ್ ಮೇಲೆ ದಾಳಿ ಮಾಡಿದರು. ಎಂಟು ವರ್ಷ ಯುದ್ಧ ನಡೆಯಿತು. ಸೌದಿ, ಕುವೈತ್ ಸದ್ದಾಂಗೆ ಸಾಲ ಕೊಟ್ಟವು. ಇರಾನಿಗೆ ಸರಿಯಾದ ವಿಮಾನದ ಬಿಡಿಭಾಗಗಳೂ ಸಿಗಲಿಲ್ಲ. ಅದರ ಊರುಗಳ ಮೇಲೆ ಕ್ಷಿಪಣಿ ಬೀಳುತ್ತಿತ್ತು. ಆಗ ಟೆಹ್ರಾನ್ ಕಲಿತ ಪಾಠ ಎರಡು. ನಮ್ಮ ಗಡಿಯಲ್ಲಿ ಯುದ್ಧ ಆಗಬಾರದು, ದೂರದಲ್ಲೇ ಆಗಬೇಕು. ದುಬಾರಿ ವಿಮಾನಗಳ ಮೇಲೆ ನೆಚ್ಚಿಕೊಳ್ಳಬಾರದು, ಅಗ್ಗದ ಕ್ಷಿಪಣಿ ಮತ್ತು ಪರದೇಶದ ಗೆಳೆಯರ ಮೇಲೆ ನೆಚ್ಚಿಕೊಳ್ಳಬೇಕು. ಇರಾನಿನ ರೆವಲ್ಯೂಷನರಿ ಗಾರ್ಡ್ ಸೇನೆಯಲ್ಲಿ ಹೊರದೇಶದ ಕೆಲಸ ನೋಡಿಕೊಳ್ಳುವ ಕುದ್ಸ್ ಪಡೆ ಇದನ್ನೇ ದಶಕಗಳ ಕಾಲ ಮಾಡಿತು.

ಸೌದಿಯ ಅಭ್ಯಾಸ ಬೇರೆ. ಅದು ಸರ್ಕಾರಗಳ ಜೊತೆ, ಬುಡಕಟ್ಟಿನ ಮುಖಂಡರ ಜೊತೆ ವ್ಯವಹಾರ ಮಾಡುತ್ತದೆ. ಚೆಕ್ ಬರೆಯುತ್ತದೆ, ಎಣ್ಣೆ ಕೊಡುತ್ತದೆ, ಸಿಟ್ಟು ಬಂದರೆ ಬಾಗಿಲು ಹಾಕುತ್ತದೆ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದ ವಿಷಯದಲ್ಲಿ ಯೆಮನ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ತನ್ನ ಮಾತು ಕೇಳಲಿಲ್ಲ ಎಂದು ಸೌದಿ 8 ಲಕ್ಷಕ್ಕೂ ಹೆಚ್ಚು ಯೆಮನ್ ಕೆಲಸಗಾರರು ದೇಶ ಬಿಡುವಂತೆ ಮಾಡಿತು. ಯೆಮನ್‌ನ ಮನೆಮನೆಗೆ ಬರುತ್ತಿದ್ದ ದುಡ್ಡು ಒಂದೇ ಏಟಿಗೆ ನಿಂತಿತು. ಗಲ್ಫ್ ಸಂಬಳದಲ್ಲಿ ಮನೆ ನಡೆಯುವುದು ಎಂದರೇನು ಅಂತ ಮಂಗಳೂರು, ಉಡುಪಿ, ಭಟ್ಕಳದವರಿಗೆ ಬಿಡಿಸಿ ಹೇಳಬೇಕಿಲ್ಲ.

ಸರ್ಕಾರ ಗಟ್ಟಿಯಾಗಿದ್ದಾಗ ಸೌದಿ ವಿಧಾನ ಕೆಲಸ ಮಾಡುತ್ತದೆ. ಸರ್ಕಾರವೇ ಕುಸಿದರೆ ಚೆಕ್ ಯಾರಿಗೆ ಕೊಡುವುದು? ಇರಾನಿಗೆ ಅನುಕೂಲವಾಗುವುದು ಆಗಲೇ. ಲೆಬನಾನ್, ಇರಾಕ್, ಸಿರಿಯಾ, ಯೆಮನ್, ಎಲ್ಲ ಕಡೆ ಇರಾನ್ ಗಟ್ಟಿಯಾಗಿ ಕಾಲೂರಿದ್ದು ರಾಜ್ಯವ್ಯವಸ್ಥೆ ಒಡೆದುಹೋದ ಮೇಲೆ. ಒಡೆದದ್ದು ಇರಾನ್ ಅಲ್ಲ. ಇರಾಕನ್ನು ಒಡೆದದ್ದು ಅಮೆರಿಕ.

2015ರ ನಂತರ ಇರಾನ್ ನೆರವು ನಿಜವಾಗಿಯೇ ಹೆಚ್ಚಿತು. ಸೌದಿ ಮೇಲೆ ಹೌತಿಗಳು ಹಾರಿಸಿದ ಕ್ಷಿಪಣಿಗಳ ಚೂರುಗಳಲ್ಲಿ ಇರಾನ್ ಮೂಲದ ಭಾಗಗಳಿದ್ದವು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2018ರಲ್ಲಿ ವರದಿ ಕೊಟ್ಟಿತು. ಅಂದರೆ ಸೌದಿ ಯಾವುದಕ್ಕೆ ಹೆದರಿ ಯುದ್ಧಕ್ಕಿಳಿಯಿತೋ ಅದನ್ನು ಆ ಯುದ್ಧವೇ ತಂದುಕೊಟ್ಟಿತು. ಒಂದು ಡ್ರೋನ್ ಮಾಡಲು ಸಾವಿರಗಳ ಲೆಕ್ಕದ ಡಾಲರ್ ಸಾಕು. ಅದನ್ನು ಹೊಡೆದುರುಳಿಸುವ ಪೇಟ್ರಿಯಟ್ ಕ್ಷಿಪಣಿಗೆ ಲಕ್ಷಗಳ ಲೆಕ್ಕದ ಡಾಲರ್. ಇರಾನಿಗೆ ಇಷ್ಟು ಅಗ್ಗದ ವ್ಯಾಪಾರ ಬೇರೆ ಸಿಗುತ್ತಿರಲಿಲ್ಲ.

ಹಾಗಂತ ಹೌತಿಗಳು ಇರಾನ್ ದುಡ್ಡಿನಲ್ಲೇ ಬದುಕಿಲ್ಲ. ಸನಾದ ತೆರಿಗೆ, ಹೊದೈದಾ ಬಂದರಿನ ಸುಂಕ, ಇಂಧನ ಮಾರಾಟ, ಎಲ್ಲ ಅವರ ಕೈಯಲ್ಲಿದೆ. ಅವರನ್ನು ಪಾಪದವರು ಅಂತ ನೋಡುವುದೂ ಬೇಡ. ಊರುಗಳ ಸುತ್ತ ನೆಲಬಾಂಬ್ ಹೂತಿದ್ದಾರೆ, ಮಕ್ಕಳ ಕೈಗೆ ಬಂದೂಕು ಕೊಟ್ಟಿದ್ದಾರೆ, ವಿಶ್ವಸಂಸ್ಥೆಯ ನೌಕರರನ್ನೇ ಹಿಡಿದು ಕೂಡಿಹಾಕಿದ್ದಾರೆ. ಸ್ವಂತ ಬುದ್ಧಿ ಇದೆ ಎಂದರೆ ಒಳ್ಳೆಯವರು ಎಂದಲ್ಲ.

ಪರೋಕ್ಷ ಯುದ್ಧ ಎಂದರೆ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯಕ್ಕೆ ಹೊರಗಿನ ಸಾಹುಕಾರರು ಲಾಯರ್ ಫೀಸು ಕೊಡುವ ಹಾಗೆ. ವ್ಯಾಜ್ಯ ಸಾಹುಕಾರರದ್ದಲ್ಲ, ಮನೆಯದ್ದೇ. ಆದರೆ ಫೀಸಿನ ಚಿಂತೆ ಇಲ್ಲದ ಮೇಲೆ ರಾಜಿಗೆ ಯಾರೂ ಅವಸರ ಮಾಡುವುದಿಲ್ಲ. ಹೊರಗಿನವರು ಯುದ್ಧ ಹುಟ್ಟಿಸುವುದು ಕಡಿಮೆ, ಬೆಳೆಸುವುದು ಜಾಸ್ತಿ.

ಪಂಥದ ಲೆಕ್ಕ ಯೆಮನ್ ಹೊರಗೂ ತಪ್ಪುತ್ತದೆ. ಅಜರ್‌ಬೈಜಾನ್ ಶಿಯಾ ಬಹುಸಂಖ್ಯಾತ ದೇಶ. ಆದರೂ ಇರಾನ್ ಮೊದಲಿನಿಂದ ಹತ್ತಿರವಿದ್ದದ್ದು ಕ್ರೈಸ್ತ ಅರ್ಮೇನಿಯಾಕ್ಕೆ. ಹಮಾಸ್ ಸುನ್ನಿ ಸಂಘಟನೆ, ಅದಕ್ಕೆ ಇರಾನ್ ನೆರವು. 2017ರ ಜೂನ್‌ನಲ್ಲಿ ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ಸೇರಿ ದಿಗ್ಬಂಧನ ಹಾಕಿದ್ದು ಕತಾರ್ ಮೇಲೆ. ಸೌದಿಯಂತೆ ಅದೂ ವಹಾಬಿ ಸುನ್ನಿ ದೇಶವೇ. ಅದಕ್ಕೆ ಆಹಾರ ಕಳಿಸಿದವು ಟರ್ಕಿ ಮತ್ತು ಇರಾನ್. ಆದರೂ ಪಂಥ ಏನೂ ಅಲ್ಲ ಅಂತ ಹೇಳಲಾಗದು. ಜಗಳಕ್ಕೆ ಕಾರಣ ಅದಲ್ಲದಿದ್ದರೂ ಜನರನ್ನು ಕೂಡಿಸುವಾಗ ಅದೇ ಕೈಗೆ ಸಿಗುವ ಮಾತು. ವರ್ಷಗಟ್ಟಲೆ ಅದೇ ಮಾತನ್ನು ಕೂಗಿದರೆ ನೆರೆಯವರು ನಿಜವಾಗಿಯೂ ಒಬ್ಬರನ್ನೊಬ್ಬರು ಹಾಗೇ ನೋಡತೊಡಗುತ್ತಾರೆ. ಯೆಮನ್‌ನಲ್ಲಿ ಅದೂ ಆಗಿದೆ.

ಮೂರನೆಯವರು

ಸೌದಿ ಮತ್ತು ಇರಾನ್ ಗಲಾಟೆಯಲ್ಲಿ ಯುಎಇ ಹೆಸರು ಎಲ್ಲೋ ಕಳೆದುಹೋಗುತ್ತದೆ. ನನ್ನ ಪ್ರಕಾರ ಯೆಮನ್ ಅರ್ಥವಾಗಬೇಕಾದರೆ ಅದನ್ನೇ ಹೆಚ್ಚು ನೋಡಬೇಕು.

ಯುಎಇ ಸೌದಿಯ ಜೊತೆಗಾರನಾಗಿಯೇ 2015ರಲ್ಲಿ ಯುದ್ಧಕ್ಕೆ ಬಂತು. ಆದರೆ ಅದರ ಕಣ್ಣಿದ್ದದ್ದು ದಕ್ಷಿಣದ ಕರಾವಳಿ ಮೇಲೆ. ಏಡನ್, ಮುಕಲ್ಲಾ, ಸೊಕೊತ್ರಾ ದ್ವೀಪ, ಕೆಂಪು ಸಮುದ್ರದ ಬಾಯಲ್ಲಿರುವ ಮೋಖಾ. ಮೋಖಾ ನಮಗೆ ಹೊಸ ಹೆಸರಲ್ಲ. ಬಾಬಾ ಬುಡನ್ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಎಂಬ ಕತೆಯಲ್ಲಿ ಬರುವ ಬಂದರು ಅದೇ. ಈ ಯುದ್ಧದಲ್ಲಿ ಆ ಊರು ಸಾಲೆಹ್ ಅವರ ಸಹೋದರನ ಮಗ ತಾರಿಕ್ ಸಾಲೆಹ್ ಕೈಯಲ್ಲಿತ್ತು. ಅವರ ಪಡೆಗೆ ದುಡ್ಡು, ಆಯುಧ ಕೊಟ್ಟದ್ದು ಯುಎಇ.

ಅರಬ್ ದೇಶಗಳಲ್ಲಿ ಇಸ್ಲಾಂ ಹೆಸರಿನ ರಾಜಕೀಯ ಮಾಡುವ ಮುಸ್ಲಿಂ ಬ್ರದರ್‌ಹುಡ್ ಎಂಬ ಸುನ್ನಿ ಸಂಘಟನೆ ಎಂದರೆ ಯುಎಇಗೆ ಆಗುವುದಿಲ್ಲ. ಹಾದಿ ಸರ್ಕಾರದಲ್ಲಿ ಬ್ರದರ್‌ಹುಡ್ ನಂಟಿನ ಇಸ್ಲಾಹ್ ಪಕ್ಷವೇ ಬಲವಾಗಿತ್ತು, ಸೌದಿಗೆ ಅದರ ಜೊತೆ ಹಳೇ ಪರಿಚಯ. ಹಾಗಾಗಿ ಯುಎಇ ಬೇರೆ ಕುದುರೆ ಹುಡುಕಿತು. ದಕ್ಷಿಣ ಯೆಮನ್ 1967ರಿಂದ 1990ರವರೆಗೆ ಬೇರೆಯೇ ದೇಶವಾಗಿತ್ತು, ಅದೂ ಕಮ್ಯುನಿಸ್ಟ್ ದೇಶ. ಒಂದಾದ ಮೇಲೆ ಉತ್ತರದವರು ನಮ್ಮನ್ನು ನುಂಗಿದರು ಎಂಬ ನೋವು ಅಲ್ಲಿ ಗಟ್ಟಿಯಾಗಿತ್ತು. 1994ರಲ್ಲಿ ಅದಕ್ಕಾಗಿ ಯುದ್ಧವೂ ಆಗಿತ್ತು. ಆ ನೋವಿನ ಮೇಲೆ 2017ರಲ್ಲಿ ದಕ್ಷಿಣ ಪರಿವರ್ತನಾ ಮಂಡಳಿ ಹುಟ್ಟಿತು. ಐದರೂಸ್ ಅಲ್ ಜುಬೈದಿ ಅದರ ಮುಖ್ಯಸ್ಥರಾದರು, ಬೆನ್ನಿಗೆ ಯುಎಇ ನಿಂತಿತು. 2019ರ ಆಗಸ್ಟ್‌ನಲ್ಲಿ ಸನಾ ಕಳೆದುಕೊಂಡು ಏಡನ್‌ನಲ್ಲಿ ನೆಲೆ ಮಾಡಿಕೊಂಡಿದ್ದ ಹಾದಿ ಸರ್ಕಾರವನ್ನೇ ಈ ಮಂಡಳಿ ಅಲ್ಲಿಂದ ಓಡಿಸಿತು. ಸೌದಿ ಬೆಂಬಲದ ಸುನ್ನಿಗಳು, ಯುಎಇ ಬೆಂಬಲದ ಸುನ್ನಿಗಳು, ಇಬ್ಬರೂ ಹೌತಿಗಳ ಶತ್ರುಗಳು. ಗುಂಡು ಹಾರಿಸಿದ್ದು ಮಾತ್ರ ಒಬ್ಬರ ಮೇಲೊಬ್ಬರು.

ಈ ಎಲ್ಲದರ ನಡುವೆ ಸಾಮಾನ್ಯ ಜನ. 2021ರ ಕೊನೆಯ ಹೊತ್ತಿಗೆ ಸುಮಾರು 3.77 ಲಕ್ಷ ಜನ ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಅಂದಾಜು ಮಾಡಿತು. ಅದರಲ್ಲಿ ಸುಮಾರು ಶೇ 60ರಷ್ಟು ಜನ ಗುಂಡು, ಬಾಂಬಿಗೆ ಸತ್ತವರಲ್ಲ. ಹಸಿವು, ಕೊಳಕು ನೀರು, ಔಷಧಿ ಇಲ್ಲದ ಆಸ್ಪತ್ರೆಗಳಿಂದ ಸತ್ತವರು. 2017ರಲ್ಲಿ ಕಾಲರಾ ಶಂಕೆಯ ಪ್ರಕರಣ 10 ಲಕ್ಷ ದಾಟಿತು. 2016ರಲ್ಲಿ ಹಾದಿ ಸರ್ಕಾರ ಕೇಂದ್ರ ಬ್ಯಾಂಕನ್ನು ಸನಾದಿಂದ ಏಡನ್‌ಗೆ ಒಯ್ದಿತು, ಉತ್ತರದ ಸರ್ಕಾರಿ ನೌಕರರ ಸಂಬಳ ನಿಂತಿತು. ಏಡನ್‌ನಲ್ಲಿ ಮುದ್ರಿಸಿದ ಹೊಸ ನೋಟನ್ನು ಹೌತಿಗಳು 2019ರಲ್ಲಿ ನಿಷೇಧಿಸಿದರು. ಒಂದೇ ದೇಶದಲ್ಲಿ ಎರಡು ರಿಯಾಲ್. ಸನಾದಲ್ಲಿ ಡಾಲರಿಗೆ ಸುಮಾರು 600 ಇದ್ದಾಗ ಏಡನ್‌ನಲ್ಲಿ ಅದು 1,000 ದಾಟಿತ್ತು.

ಬೀಜಿಂಗ್‌ನಲ್ಲಿ ಕೈಕುಲುಕಿದ ಮೇಲೆ

2019ರ ಸೆಪ್ಟೆಂಬರ್ 14ರಂದು ಸೌದಿಯ ಅಬ್ಕೈಕ್ ಎಣ್ಣೆ ಘಟಕದ ಮೇಲೆ ಡ್ರೋನ್, ಕ್ಷಿಪಣಿ ದಾಳಿಯಾಯಿತು. ದಿನಕ್ಕೆ ಸುಮಾರು 57 ಲಕ್ಷ ಬ್ಯಾರೆಲ್ ಉತ್ಪಾದನೆ ನಿಂತಿತು, ಅಂದರೆ ಸೌದಿಯ ಅರ್ಧ. ಹೌತಿಗಳು ನಾವೇ ಮಾಡಿದ್ದು ಎಂದರು, ಸೌದಿ ಮತ್ತು ಅಮೆರಿಕ ಇದು ಇರಾನಿನದೇ ಕೆಲಸ ಎಂದವು. ಅಮೆರಿಕ ಮಾತ್ರ ತಿರುಗಿ ಹೊಡೆಯಲಿಲ್ಲ. 2022ರ ಜನವರಿ 17ರಂದು ಹೌತಿಗಳು ಅಬುಧಾಬಿ ಮೇಲೆ ದಾಳಿ ಮಾಡಿದರು. ಸತ್ತವರು ಇಬ್ಬರು ಭಾರತೀಯರು, ಒಬ್ಬ ಪಾಕಿಸ್ತಾನಿ. ಯಾರದೋ ಪೈಪೋಟಿಗೆ ಹೊಟ್ಟೆಪಾಡಿಗೆ ಹೋದವರ ಜೀವ.

ಸೌದಿಗೆ ಈ ಯುದ್ಧ ಸಾಕಾಗಿತ್ತು. ಹೊಸ ನಗರ, ಪ್ರವಾಸೋದ್ಯಮ, ಹೂಡಿಕೆ ಎಂದು ಕನಸು ಕಟ್ಟಿಕೊಂಡವರಿಗೆ ಆಕಾಶದಿಂದ ಡ್ರೋನ್ ಬೀಳುವುದು ಬೇಕಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಕದನವಿರಾಮ ಬಂತು. ಅದೇ ತಿಂಗಳು ಹಾದಿಯನ್ನು ಬದಿಗೆ ಸರಿಸಿ ರಶಾದ್ ಅಲ್ ಅಲಿಮಿ ನೇತೃತ್ವದ ಅಧ್ಯಕ್ಷೀಯ ಮಂಡಳಿ ಕೂರಿಸಿದರು. 2023ರ ಮಾರ್ಚ್ 10ರಂದು ಚೀನಾದ ಮಧ್ಯಸ್ಥಿಕೆಯಲ್ಲಿ ಸೌದಿ ಮತ್ತು ಇರಾನ್ ರಾಜಿಯಾದವು. ಏಳು ವರ್ಷ ಮುಚ್ಚಿದ್ದ ರಾಯಭಾರ ಕಚೇರಿಗಳು ತೆರೆದವು. ಏಪ್ರಿಲ್‌ನಲ್ಲಿ ಸೌದಿ ರಾಯಭಾರಿ ಸನಾಕ್ಕೇ ಹೋಗಿ ಹೌತಿ ನಾಯಕರ ಕೈಕುಲುಕಿದರು.

ಇದೆಲ್ಲ ಬರೀ ಸೌದಿ ಮತ್ತು ಇರಾನಿನ ಜಗಳವಾಗಿದ್ದರೆ ಅಲ್ಲಿಗೆ ಮುಗಿಯಬೇಕಿತ್ತಲ್ಲ? 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಒಂದು ಶಾಂತಿ ಮಾರ್ಗನಕ್ಷೆಯ ಘೋಷಣೆಯನ್ನೂ ಮಾಡಿತು. ಸಂಬಳ ಕೊಡುವುದು, ರಸ್ತೆ ತೆರೆಯುವುದು, ಎಣ್ಣೆ ರಫ್ತು ಮತ್ತೆ ಶುರುಮಾಡುವುದು. ಅಷ್ಟರಲ್ಲಿ ಗಾಜಾ ಯುದ್ಧದ ಹೆಸರಿನಲ್ಲಿ ಹೌತಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಬಿದ್ದಿದ್ದರು. ನವೆಂಬರ್ 19ರಂದು ಗ್ಯಾಲಕ್ಸಿ ಲೀಡರ್ ಹಡಗನ್ನೇ ಹಿಡಿದರು. ಸೂಯೆಜ್ ದಾರಿ ಬಿಟ್ಟು ಹಡಗುಗಳು ಆಫ್ರಿಕಾ ಸುತ್ತಿಕೊಂಡು ಹೋಗತೊಡಗಿದವು. ಕೊಡಗು, ಚಿಕ್ಕಮಗಳೂರಿನ ಕಾಫಿ ಇಟಲಿಗೆ ಹೋಗುವ ದಾರಿಯೂ ಅದೇ. ಬಾಡಿಗೆ ಏರಿತು, ಸರಕು ತಡವಾಯಿತು. ಮಾರ್ಗನಕ್ಷೆ ಕಪಾಟಿಗೆ ಹೋಯಿತು.

ಆ ನಂತರ ಇರಾನಿಗೆ ಏಟಿನ ಮೇಲೆ ಏಟು ಬಿದ್ದವು. 2024ರ ಸೆಪ್ಟೆಂಬರ್‌ನಲ್ಲಿ ಹಿಜ್ಬುಲ್ಲಾದ ನಾಯಕ ನಸ್ರಲ್ಲಾ ಹತರಾದರು, ಡಿಸೆಂಬರ್‌ನಲ್ಲಿ ಇರಾನಿನ ಗೆಳೆಯ, ಸಿರಿಯಾದ ಅಧ್ಯಕ್ಷ ಅಸ್ಸಾದ್ ಓಡಿಹೋದರು, 2025ರ ಜೂನ್‌ನಲ್ಲಿ ಇಸ್ರೇಲ್ ನೇರವಾಗಿ ಇರಾನ್ ಮೇಲೆಯೇ ಬಾಂಬ್ ಹಾಕಿತು. ದಾರ ಹಿಡಿದ ಕೈಗೆ ಇಷ್ಟು ಪೆಟ್ಟು ಬಿದ್ದರೂ ಹೌತಿಗಳು ಸನಾದಲ್ಲಿ ಕುಳಿತೇ ಇದ್ದರು.

2025ರ ಡಿಸೆಂಬರ್‌ನಲ್ಲಿ ಹೊಸ ಬೆಂಕಿ ಹತ್ತಿದ್ದು ಹದ್ರಮೌತ್‌ನಲ್ಲಿ. ಯೆಮನ್‌ನ ಎಣ್ಣೆಯ ದೊಡ್ಡ ಪಾಲು ಇರುವ ಪ್ರಾಂತ್ಯ ಅದು, ಸೌದಿ ಗಡಿಗೆ ಅಂಟಿಕೊಂಡದ್ದು. 2022ರ ಅಕ್ಟೋಬರ್‌ನಲ್ಲಿ ಹೌತಿಗಳು ಅಲ್ಲಿನ ದಬ್ಬಾ ಎಣ್ಣೆ ಬಂದರಿಗೆ ಡ್ರೋನ್ ಬಿಟ್ಟು ಸರ್ಕಾರದ ರಫ್ತು ನಿಲ್ಲಿಸಿದ್ದರು. ಈಗ ನುಗ್ಗಿದ್ದು ಹೌತಿಗಳಲ್ಲ, ಜುಬೈದಿ ಅವರ ದಕ್ಷಿಣ ಮಂಡಳಿ. ಡಿಸೆಂಬರ್ 30ರಂದು ಸೌದಿ ವಿಮಾನಗಳು ಮುಕಲ್ಲಾ ಬಂದರಿನ ಮೇಲೆ ದಾಳಿ ಮಾಡಿದವು. ಅಲ್ಲಿ ಇಳಿದ ಸರಕು ಯುಎಇಯಿಂದ ಮಂಡಳಿಗೆ ಬಂದ ಆಯುಧ ಎಂದು ಸೌದಿ ಹೇಳಿತು. ಯುಎಇ ಅದನ್ನು ಅಲ್ಲಗಳೆಯಿತು. ಹತ್ತು ವರ್ಷ ಹಿಂದೆ ಒಟ್ಟಿಗೆ ಯುದ್ಧಕ್ಕೆ ಬಂದವರ ನಡುವಿನ ಈ ಜಗಳದಲ್ಲಿ ಇರಾನ್‌ನ ಪಾತ್ರವೇ ಇರಲಿಲ್ಲ.